ಜನಸಂಖ್ಯೆ ಜನಸಂಖ್ಯೆ ಅಂತ ಹೆದರಿಸೋರಿಗೆ ಒಂದೆರಡು ಮಾತು

ಬಡತನ, ಪರಿಸರ, ರೋಗ ಯಾವುದರ ಬಗ್ಗೆ ಪೋಸ್ಟ್ ಹಾಕಿದ್ರೂ ಕೆಳಗೆ ಯಾರಾದ್ರೂ ಒಬ್ರು ಬಂದು "ಬಡವರು ಮಕ್ಕಳು ಮಾಡೋದು ನಿಲ್ಸಿದ್ರೆ ಎಲ್ಲಾ ಸರಿಹೋಗತ್ತೆ" ಅಂತ ಬರೆದೇ ಬರೀತಾರೆ. ಓದಿದಾಗೆಲ್ಲ ನಂಗೆ ಸಿಟ್ಟು ಬರತ್ತೆ, ಯಾಕಂದ್ರೆ ಇದು ಕಲ್ಲುಹೃದಯದ ಮಾತಷ್ಟೇ ಅಲ್ಲ, ತಪ್ಪು ಕೂಡ.

2022ರ ನವೆಂಬರ್‌ನಲ್ಲಿ ಪ್ರಪಂಚದ ಜನಸಂಖ್ಯೆ 800 ಕೋಟಿ ಮುಟ್ಟಿದ್ದು ನಿಜ. ಆದ್ರೆ 1960ರ ದಶಕದಲ್ಲಿ ವರ್ಷಕ್ಕೆ ಶೇ 2ರಷ್ಟು ಬೆಳೀತಿದ್ದದ್ದು ಈಗ ಶೇ 1ಕ್ಕಿಂತ ಕೆಳಗಿದೆ, ಆಗ ಒಬ್ಬ ಹೆಂಗಸಿಗೆ ಸರಾಸರಿ 5 ಮಕ್ಕಳು, ಈಗ ಎರಡೂಕಾಲರ ಆಸುಪಾಸು.

ಹೇಗೆ ಇಳೀತು ಅಂತ ಗೊತ್ತಾಗ್ಬೇಕಂದ್ರೆ ಬಾಂಗ್ಲಾದೇಶ ನೋಡಿ. 1971ರಲ್ಲಿ ಯುದ್ಧ, 1974ರಲ್ಲಿ ಬರಗಾಲ, ಒಬ್ಬೊಬ್ಬ ತಾಯಿಗೆ ಸರಾಸರಿ ಆರೇಳು ಮಕ್ಕಳು, ಅದ್ರಲ್ಲಿ ಎಷ್ಟೋ ಕೂಸುಗಳು ಬರೀ ಭೇದಿಗೆ ಸಾಯ್ತಿದ್ವು. 1980ರ ದಶಕದಲ್ಲಿ ಬ್ರ್ಯಾಕ್ ಅನ್ನೋ ಅಲ್ಲಿನ ಸೇವಾ ಸಂಸ್ಥೆಯ ಹೆಣ್ಮಕ್ಕಳು ಮನೆಮನೆಗೆ ಹೋಗಿ, ಭೇದಿಯಾದ ಮಗುವಿಗೆ ಕುಡಿಸೋ ನೀರನ್ನ ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಅಂತ ತಾಯಂದಿರ ಕೈಯಲ್ಲೇ ಕಲಸಿಸಿ ಕಲಿಸಿದ್ರು, ಹೀಗೆ 1 ಕೋಟಿಗೂ ಜಾಸ್ತಿ ಮನೆ ಮುಟ್ಟಿದ್ರು! ಇನ್ನೊಂದು ಕಡೆ, ಮನೆಯಿಂದ ಹೊರಗೆ ಹೋಗೋಕೂ ಆಗದ ಹೆಂಗಸರ ಬಾಗಿಲಿಗೇ ಸರ್ಕಾರದ ಮಹಿಳಾ ಕಾರ್ಯಕರ್ತೆಯರು ಗರ್ಭನಿರೋಧಕ ಮಾತ್ರೆ ತಂದುಕೊಟ್ರು. ಆಮೇಲೆ ಹುಡುಗೀರು ಹೈಸ್ಕೂಲಿಗೆ ಬರ್ಲಿ ಅಂತ ಸ್ಟೈಪೆಂಡ್ ಬಂತು. ಈಗ ಅಲ್ಲಿ ಸರಾಸರಿ ಎರಡಕ್ಕಿಂತ ಸ್ವಲ್ಪ ಜಾಸ್ತಿ ಮಕ್ಕಳು, ಅಷ್ಟೇ. ಹುಟ್ಟಿದ ಮಗು ಬದುಕತ್ತೆ ಅನ್ನೋ ಧೈರ್ಯ ಬಂದ ತಾಯಿಗೆ ಎಷ್ಟು ಮಕ್ಕಳು ಬೇಕು ಅಂತ ತೀರ್ಮಾನ ಮಾಡೋಕೆ ಯಾರ ಲಾಠಿಯೂ ಬೇಕಾಗ್ಲಿಲ್ಲ.

ಲಾಠಿ ಹಿಡಿದೋರ ಕಥೆನೂ ಗೊತ್ತಲ್ಲ. ಎಮರ್ಜೆನ್ಸಿಲಿ ಭಾರತದಲ್ಲಿ ಬಡವರನ್ನ ಹಿಡಿದು ಆಪರೇಷನ್ ಮಾಡಿದ್ರು, ಕುಟುಂಬ ಯೋಜನೆ ಅನ್ನೋ ಹೆಸರೇ ಎಷ್ಟೋ ವರ್ಷ ಕೆಟ್ಟೋಯ್ತು. ಒಂದೇ ಮಗು ಅಂತ ದಶಕಗಟ್ಟಲೆ ಹಿಂಸೆ ಕೊಟ್ಟ ಚೀನಾ 2021ರಲ್ಲಿ ಮೂರು ಮಾಡ್ಕೊಳ್ಳಿ ಅಂತ ಹೇಳ್ತು, ಹುಟ್ಟೋ ಮಕ್ಕಳ ಸಂಖ್ಯೆ ಮಾತ್ರ ಆ ವರ್ಷಕ್ಕಿಂತ ಕೆಳಗೇ ಇದೆ.

ಇನ್ನು ಪರಿಸರದ ವಾದ. ಆಫ್ರಿಕಾದ ಬಡ ದೇಶ ನೈಜರ್‌ನಲ್ಲಿ ಒಬ್ಬ ಹೆಂಗಸಿಗೆ ಈಗ್ಲೂ ಸರಾಸರಿ 6 ಮಕ್ಕಳು, ಆದ್ರೆ ಅಲ್ಲಿಯ ಒಬ್ಬ ಮನುಷ್ಯನಿಗಿಂತ ಒಬ್ಬ ಅಮೆರಿಕನ್ ನೂರು ಪಟ್ಟಿಗೂ ಜಾಸ್ತಿ ಕಾರ್ಬನ್ ಉಗುಳ್ತಾನೆ, ಹೀಗಿದ್ದೂ ಬೈಸ್ಕೊಳ್ಳೋದು ನೈಜರ್‌ನ ತಾಯಿ.

ಪ್ರಪಂಚದಲ್ಲಿ ಇವತ್ತಿಗೂ 20 ಕೋಟಿಗೂ ಹೆಚ್ಚು ಹೆಂಗಸರು ಈಗ ಗರ್ಭ ಬೇಡ ಅಂತಿದ್ರೂ ಆಧುನಿಕ ಗರ್ಭನಿರೋಧಕ ಬಳಸ್ತಿಲ್ಲ. ಎಷ್ಟೋ ಕಡೆ ಅದು ಸಿಗಲ್ಲ, ಸಿಕ್ರೂ ಗಂಡ ಬಿಡಲ್ಲ, ಅಡ್ಡಪರಿಣಾಮದ ಭಯ ಬಿಡಿಸಿ ಹೇಳೋ ನರ್ಸ್ ಇರಲ್ಲ. ಇಂಥ ಹೊತ್ತಲ್ಲೇ 2025ರಲ್ಲಿ ಅಮೆರಿಕ ಬೇರೆ ದೇಶಗಳಿಗೆ ನೆರವು ಕೊಡ್ತಿದ್ದ ತನ್ನ ಯುಎಸ್‌ಏಡ್ ಸಂಸ್ಥೆನ ಮುಚ್ಚಿಬಿಡ್ತು. ಬಡ ದೇಶಗಳ ಕುಟುಂಬ ಯೋಜನೆಗೆ ಅದರಿಂದ ಬರ್ತಿದ್ದ ದುಡ್ಡೂ ಹೋಯ್ತು, 1984ರಿಂದ ಮನೆಮನೆಗೆ ಹೋಗಿ ಎಷ್ಟು ಮಕ್ಕಳು ಹುಟ್ಟಿದ್ವು ಎಷ್ಟು ಉಳಿದ್ವು ಅಂತ ತಾಯಂದಿರನ್ನ ಕೇಳ್ತಿದ್ದ ದೊಡ್ಡ ಆರೋಗ್ಯ ಸರ್ವೆಗೆ ಕೊಡ್ತಿದ್ದ ದುಡ್ಡೂ ನಿಲ್ತು. ಜನನ ಮರಣ ಸರಿಯಾಗಿ ನೋಂದಣಿನೇ ಆಗದ ಎಷ್ಟೋ ದೇಶಗಳಿಗೆ ಇದ್ದ ಮುಖ್ಯವಾದ ನಂಬಿಕಸ್ತ ಲೆಕ್ಕ ಅದು. ಬಡವರ ಮಕ್ಕಳ ಸಂಖ್ಯೆ ಬಗ್ಗೆ ಇಷ್ಟು ಕಳವಳ ಇರೋರು ಈ ದುಡ್ಡು ವಾಪಸ್ ಬರ್ಲಿ ಅಂತ ಯಾಕೆ ಒಂದು ಸಾಲೂ ಬರೀತಿಲ್ಲ?