ಮದ್ರಾಸಿನಲ್ಲಿ ಡಿಸೆಂಬರ್ ಅಂದರೆ ಊರು ಬಿಡುವ ತಿಂಗಳಲ್ಲ

ಡಿಸೆಂಬರ್ ಕೊನೆಯ ವಾರ ಬಂತು ಅಂದರೆ ಬೆಂಗಳೂರಿನವರಿಗೆ ಊರು ಬಿಟ್ಟು ಓಡುವ ಆತುರ. ನೆಲಮಂಗಲದ ಟೋಲ್ ಹತ್ತಿರ ಕಾರುಗಳ ಸಾಲು. ಸಕಲೇಶಪುರ, ಚಿಕ್ಕಮಗಳೂರು, ಮಡಿಕೇರಿ ಕಡೆ ಹೋಂಸ್ಟೇ ಬೇಕು ಅಂದರೆ ದೀಪಾವಳಿ ಹೊತ್ತಿಗೇ ಹೇಳಿಟ್ಟಿರಬೇಕು. ರಜೆ ಅಂದಮೇಲೆ ಗಾಡಿ ಹತ್ತಲೇಬೇಕು ಅನ್ನುವುದು ನಮ್ಮವರ ತಲೆಯಲ್ಲಿ ಕೂತುಬಿಟ್ಟಿದೆ.

ನಾನಿರುವ ಚೆನ್ನೈಯಲ್ಲಿ ಇದು ಉಲ್ಟಾ. ಇಲ್ಲಿನವರಿಗೆ ಊರು ಬಿಡುವ ತಿಂಗಳು ಅಂದರೆ ಮೇ. ಡಿಸೆಂಬರಿನಲ್ಲಿ ಊರಿಗೆ ಬರುವವರೇ ಹೆಚ್ಚು. ಅಮೆರಿಕದ ಮಗ, ಸಿಂಗಾಪುರದ ಮಗಳು, ಮುಂಬೈಯ ಅತ್ತೆ ಎಲ್ಲರೂ ಈ ಹೊತ್ತಿಗೇ ಟಿಕೆಟ್ ಮಾಡಿಸುತ್ತಾರೆ. ಕಾರಣ ಬಹಳ ಸರಳ. ವರ್ಷದ ಬಹುಪಾಲು ಬೇಯುವ ಊರು ಇದು. ಅಕ್ಟೋಬರಿನಿಂದ ಹಿಂಗಾರು ಮಳೆ. ಅದು ಹಿಂದೆ ಸರಿಯುವಾಗ ಸಿಗುವ ನಾಲ್ಕಾರು ವಾರ ಮಾತ್ರ ಮನುಷ್ಯರು ಬೀದಿಯಲ್ಲಿ ಸುಮ್ನೆ ನಡೆಯಬಹುದಾದ ಹವೆ. ಅದನ್ನು ಬೇರೆ ಊರಿನಲ್ಲಿ ಕಳೆಯೋಕೆ ಯಾರಿಗೆ ಮನಸ್ಸು ಬರುತ್ತೆ? ಬೆಂಗಳೂರಿಗೆ ಹವೆ ಪುಕ್ಕಟೆಯಾಗಿ ಸಿಕ್ಕಿದೆ, ಹಾಗಾಗಿ ಬೆಲೆ ಗೊತ್ತಿಲ್ಲ.

ಶಾಲೆಗಳ ಲೆಕ್ಕವೂ ಬೇರೆ. ನಮ್ಮಲ್ಲಿ ದೊಡ್ಡ ರಜೆ ದಸರೆಗೆ ಮುಗಿದುಹೋಗಿರುತ್ತದೆ. ಡಿಸೆಂಬರ್ ಅಂದರೆ ಶೈಕ್ಷಣಿಕ ಪ್ರವಾಸದ ತಿಂಗಳು. ಬೇಲೂರು, ಹಳೇಬೀಡು, ಹಂಪಿ, ಗೋಲ್‌ಗುಂಬಜ್ ಎಲ್ಲಿ ಹೋದರೂ ಸಮವಸ್ತ್ರದ ಮಕ್ಕಳ ಸಾಲು, ಸೀಟಿ ಊದುವ ಮೇಷ್ಟ್ರು. ತಮಿಳುನಾಡಿನಲ್ಲಿ ಅರ್ಧವಾರ್ಷಿಕ ಪರೀಕ್ಷೆ ಕ್ರಿಸ್‌ಮಸ್ ಹತ್ತಿರ ಮುಗಿಯುತ್ತದೆ, ಆಮೇಲೆ ಹೊಸ ವರ್ಷದವರೆಗೆ ರಜೆ. ಮಕ್ಕಳು ಮನೆಯಲ್ಲಿ, ಅಜ್ಜಿ ತಾತನೂ ಮನೆಯಲ್ಲಿ, ಊರಲ್ಲಿ ಮಾತ್ರ ಹಬ್ಬ.

ಆ ಹಬ್ಬಕ್ಕೆ ಇಲ್ಲಿನವರು ಬರೀ ‘ಸೀಸನ್’ ಅನ್ನುತ್ತಾರೆ. ಮಾರ್ಗಳಿ ತಿಂಗಳ ಸಂಗೀತ, ನಾಟ್ಯ. ನಮಗಿದು ಧನುರ್ಮಾಸ. ನಾವು ಬೆಳಕು ಹರಿಯುವ ಮೊದಲು ಗುಡಿಯಲ್ಲಿ ಹುಗ್ಗಿ ತಿಂದು ಬಂದರೆ ಮುಗಿಯಿತು. ಇಲ್ಲಿ ಅದು ದಿನದ ಆರಂಭ ಅಷ್ಟೇ. ನಸುಕಿಗೆ ಮೈಲಾಪುರದಲ್ಲಿ ಗುಡಿ ಸುತ್ತಲಿನ ಮಾಡ ಬೀದಿಗಳಲ್ಲಿ ರಂಗೋಲಿ, ಭಜನೆ. ಬೆಳಗ್ಗೆ ಉಪನ್ಯಾಸ. ಮಧ್ಯಾಹ್ನ ಹೊಸಬರ ಸಂಗೀತ ಕಚೇರಿ, ಸಂಜೆ ದೊಡ್ಡವರದು. ವರ್ಷಾಂತ್ಯದ ರಜೆಗೂ ಇದಕ್ಕೂ ಹಳೆಯ ನಂಟು. 1927ರ ಡಿಸೆಂಬರಿನಲ್ಲಿ ಮದ್ರಾಸಿನಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಜೊತೆಗೇ ಒಂದು ಸಂಗೀತ ಸಮ್ಮೇಳನವೂ ನಡೆಯಿತು. ಅದರಿಂದ ಹುಟ್ಟಿದ್ದು 1928ರ ಮ್ಯೂಸಿಕ್ ಅಕಾಡೆಮಿ.

ಬೆಂಗಳೂರಿನಿಂದ ಬರುವ ನಂಟರಿಗೆ ನಾನು ಹೇಳುವುದು ಒಂದೇ: ಸಂಜೆಯ ಟಿಕೆಟ್ ಸಿಗಲಿಲ್ಲ ಅಂತ ಪೇಚಾಡಬೇಡಿ, ಮಧ್ಯಾಹ್ನ ಹೋಗಿ. ಕಚೇರಿ ಏರ್ಪಡಿಸುವ ಸಂಘಗಳಿಗೆ ಇಲ್ಲಿ ‘ಸಭೆ’ ಅನ್ನುತ್ತಾರೆ; ಹೆಚ್ಚಿನ ಸಭೆಗಳಲ್ಲಿ ಮಧ್ಯಾಹ್ನದ ಕಚೇರಿ ಪುಕ್ಕಟೆ. ಮುಂದಿನ ಸಾಲಿನಲ್ಲೇ ಜಾಗ. ಹಾಡುವ ಹುಡುಗ ಹುಡುಗಿಯರಿಗೆ ಇದು ದೊಡ್ಡ ಪರೀಕ್ಷೆ, ಹಾಗಾಗಿ ಜೀವ ಬಿಟ್ಟು ಹಾಡುತ್ತಾರೆ. ಹೆಸರು ಮಾಡಿದವರ ಸಂಜೆ ಕಚೇರಿಗಿಂತ ಇದೇ ನನಗೆ ಎಷ್ಟೋ ಸಲ ಹಿಡಿಸಿದೆ. ಕೊನೆಗೆ ತುಕಡಾಗಳ, ಅಂದರೆ ಚಿಕ್ಕ ಹಾಡುಗಳ ಹೊತ್ತಿಗೆ ಒಂದು ದೇವರನಾಮ ಬಂದರೆ ಅಕ್ಕಪಕ್ಕದ ತಮಿಳು ಅಜ್ಜಿಯರೂ ಗುನುಗುತ್ತಾರೆ. ಉಚ್ಚಾರ ಅಲ್ಲಲ್ಲಿ ಎಡವುತ್ತದೆ, ಅದು ಬೇರೆ ಮಾತು.

ಸಂಗೀತ ಬಾರದವರು ಏನು ಮಾಡಬೇಕು? ಕ್ಯಾಂಟೀನಿಗೆ ಹೋಗಬೇಕು! ತಮಾಷೆಯಲ್ಲ. ಸಭೆಯ ಕ್ಯಾಂಟೀನಿಗೇ ಅಂತ ಬರುವವರ ಒಂದು ದೊಡ್ಡ ಪಂಗಡವೇ ಇದೆ. ಬಾಳೆಲೆ ಊಟ, ಅಡೈ ಅವಿಯಲ್, ಸಂಜೆಗೆ ಕೀರೆ ವಡೆ, ಫಿಲ್ಟರ್ ಕಾಫಿ. ಮೃದಂಗದವರ ತನಿ, ಅಂದರೆ ಅವರೊಬ್ಬರೇ ನುಡಿಸುವ ಭಾಗ, ಶುರುವಾದ ಕೂಡಲೇ ಅರ್ಧ ಸಭೆ ಎದ್ದು ಕ್ಯಾಂಟೀನಿಗೆ ನಡೆಯುತ್ತದೆ ಅನ್ನುವುದು ಇಲ್ಲಿನ ಹಳೆಯ ಜೋಕು. ನೋಡಿದರೆ ಜೋಕು ಅನಿಸುವುದಿಲ್ಲ. ಪಾಪ, ಮೃದಂಗದವರು.

ಹಾಗಂತ ಎಲ್ಲವೂ ಇಲ್ಲೇ ಚೆಂದ ಅಂತಲ್ಲ. ನಮ್ಮ ರಾಮನವಮಿ ಸಂಗೀತದ ಸೊಗಸು ಇಲ್ಲಿಲ್ಲ. ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನದ ಕಚೇರಿಗಳನ್ನು ನೆನೆಸಿಕೊಳ್ಳಿ. ಅವನ್ನು ನಡೆಸುವ ರಾಮಸೇವಾ ಮಂಡಳಿ 1939ರಿಂದ ಇದೆ. ಚಪ್ಪರದಲ್ಲಿ ಹಾಡು, ಆಚೆ ಬಸ್ಸಿನ ಹಾರನ್ನು. ಹೊರಗೆ ನಿಂತವರ ಕಿವಿಗೂ ರಾಗ ಬೀಳುತ್ತದೆ. ಚೆನ್ನೈಯ ಎಸಿ ಹಾಲ್‌ನಲ್ಲಿ ಪಿಟೀಲಿನ ಒಂದು ಎಳೆಯೂ ತಪ್ಪುವುದಿಲ್ಲ ನಿಜ. ಆದರೆ ಬೀದಿಯಲ್ಲಿ ಹೋಗುವವನಿಗೆ ಒಳಗೆ ಏನು ನಡೆಯುತ್ತಿದೆ ಅಂತಲೂ ಗೊತ್ತಾಗುವುದಿಲ್ಲ. ರೇಷ್ಮೆ ಸೀರೆ, ವಜ್ರದ ಮೂಗುಬೊಟ್ಟಿನ ಆ ಗುಂಪಿನಲ್ಲಿ ಹೊಸಬರಿಗೆ ಕಾಲಿಡೋಕೇ ಸಂಕೋಚ. ಈ ವಿಷಯದಲ್ಲಿ ನನ್ನ ಓಟು ಬೆಂಗಳೂರಿಗೆ.

ಇನ್ನು ಊರಾಚೆ. ಬಂದವರೆಲ್ಲ ಮೊದಲು ಕೇಳುವುದು ಮಹಾಬಲಿಪುರ. ಸುಮಾರು 55 ಕಿ.ಮೀ. ಹೋಗಿ, ತಪ್ಪಿಲ್ಲ. ಆದರೆ ಕ್ರಿಸ್‌ಮಸ್ ಮರುದಿನ ಹನ್ನೊಂದು ಗಂಟೆಗೆ ಹೋಗಿ, ಪಂಚರಥದ ಮುಂದೆ ಸೆಲ್ಫಿಗೆ ಸಾಲು ನಿಲ್ಲುವುದಾದರೆ ಸಮವಸ್ತ್ರವಿಲ್ಲದ ಹಳೇಬೀಡು ಅಷ್ಟೇ. ಬೆಳಗ್ಗೆ ಬೇಗ ಹೋಗಿ, ಬಿಸಿಲೇರುವಾಗ ವಾಪಸ್ ಬರುವ ದಾರಿಯಲ್ಲಿ ಮುಟ್ಟುಕಾಡಿನ ದಕ್ಷಿಣಚಿತ್ರಕ್ಕೆ ಹೋಗುವುದು ಜಾಣತನ. 1996ರಲ್ಲಿ ಶುರುವಾದ ಜಾಗ ಅದು. ದಕ್ಷಿಣದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿದ್ದಾರೆ. ಕರ್ನಾಟಕದ ಭಾಗದಲ್ಲಿ ಇಳಕಲ್ ನೇಕಾರರ ಮನೆ ಇದೆ, ಚಿಕ್ಕಮಗಳೂರಿನ ಮನೆಯೂ ಇದೆ. ಬೆಂಗಳೂರಿನವರು ಚಿಕ್ಕಮಗಳೂರಿನಲ್ಲಿ ರೂಮು ಸಿಗದೆ ಒದ್ದಾಡುವ ವಾರದಲ್ಲಿ ನಾನು ಇಲ್ಲಿ ಅದರ ಜಗಲಿಯಲ್ಲಿ ಆರಾಮಾಗಿ ಕೂತಿರುತ್ತೇನೆ. ಮಂಗಳವಾರ ರಜೆ, ನೆನಪಿರಲಿ.

ನನಗೆ ಇನ್ನೂ ಇಷ್ಟವಾದದ್ದು ವೇಡಂತಾಂಗಲ್. ಸುಮಾರು 80 ಕಿ.ಮೀ ದೂರದ ಒಂದು ಹಳ್ಳಿ ಕೆರೆ. ಹಿಂಗಾರಿಗೆ ಕೆರೆ ತುಂಬಿತು ಅಂದರೆ ಹಕ್ಕಿ ಬಂದವು ಅಂತಲೇ ಅರ್ಥ. ರಂಗನತಿಟ್ಟು ನೋಡಿದವರಿಗೆ ಇಲ್ಲಿ ಮೊದಲು ಸ್ವಲ್ಪ ನಿರಾಸೆ. ದೋಣಿ ಇಲ್ಲ. ಏರಿಯ ಮೇಲೆ ನಡೆಯಬೇಕು, ಕಾವಲು ಗೋಪುರದಿಂದ ನೋಡಬೇಕು. ಆದರೆ ಇದನ್ನು ಉಳಿಸಿದವರು ಊರಿನವರೇ. ಹಿಕ್ಕೆ ಬಿದ್ದ ಕೆರೆ ನೀರು ಗದ್ದೆಗೆ ಒಳ್ಳೆಯ ಗೊಬ್ಬರ ಅನ್ನುವುದು ಅವರಿಗೆ ಗೊತ್ತಿತ್ತು. ಬೇಟೆಗಾರರ ಕಾಟ ತಡೆಯಲಾರದೆ ಕಲೆಕ್ಟರ್ ಹತ್ತಿರ ಹೋದರು. 1798ರಲ್ಲಿ ಲಯೋನೆಲ್ ಪ್ಲೇಸ್ ಅನ್ನುವ ಕಲೆಕ್ಟರ್ ಹಕ್ಕಿಗಳನ್ನು ಕಾಯುವ ಹಕ್ಕನ್ನು ಬರೆದುಕೊಟ್ಟ. ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರು ಹುಣಸೆಮರದ ಕೊಕ್ಕರೆಗಳನ್ನು ಮನೆಮಕ್ಕಳ ಹಾಗೆ ನೋಡಿಕೊಳ್ಳುತ್ತಾರಲ್ಲ, ಅದೇ ಜಾತಿಯ ಜನ. ಬೆಂಗಳೂರಿನಿಂದ ಬರುವ ಎಷ್ಟು ಜನ ಮೊದಲು ಕೊಕ್ಕರೆ ಬೆಳ್ಳೂರು ನೋಡಿದ್ದಾರೆ ಅಂತ ಕೇಳಿದರೆ ಉತ್ತರ ಕಷ್ಟ.

ಕಡಲ ತೀರ ಇದ್ದೇ ಇದೆ. ಡಿಸೆಂಬರ್ 26ರ ಬೆಳಗ್ಗೆ ಮಾತ್ರ ಪಟ್ಟಿನಪಾಕ್ಕಂ, ಕಾಸಿಮೇಡು ಕಡೆ ಪಿಕ್ನಿಕ್ ಹಾಕಿಕೊಳ್ಳಬೇಡಿ. 2004ರ ಸುನಾಮಿಯಲ್ಲಿ ಹೋದವರಿಗಾಗಿ ಮೀನುಗಾರರ ಮನೆಯವರು ಅಂದು ಸಮುದ್ರಕ್ಕೆ ಹಾಲು, ಹೂವು ಹಾಕುತ್ತಾರೆ. ಮಳೆಯ ವಿಷಯವನ್ನೂ ಹೇಳಬೇಕು. 2015ರ ಪ್ರವಾಹ, 2023ರ ಮಿಚಾಂಗ್ ಚಂಡಮಾರುತ ಎರಡೂ ಡಿಸೆಂಬರ್ ಮೊದಲ ವಾರದಲ್ಲೇ ಊರನ್ನು ಮುಳುಗಿಸಿದವು. 20ನೇ ತಾರೀಖಿನ ನಂತರ ಬರುವುದು ಮೇಲು.

31ರ ರಾತ್ರಿ? ಬ್ರಿಗೇಡ್ ರೋಡಿನ ಗದ್ದಲ ಬೇಕು ಅನ್ನುವವರು ಬೆಂಗಳೂರಿನಲ್ಲೇ ಇರಿ. ಇಲ್ಲಿ ಪೊಲೀಸರು ಅವತ್ತು ರಾತ್ರಿ ಬೀಚನ್ನೇ ಮುಚ್ಚುತ್ತಾರೆ. ನಂದಿ ಬೆಟ್ಟದಲ್ಲಿ ಮಾಡುವ ಹಾಗೇ. ಜನ ಸಾಂತೋಮ್ ಚರ್ಚಿಗೆ ಹೋಗುತ್ತಾರೆ, ಇಲ್ಲವೇ ಗುಡಿಗೆ. ಇಂಗ್ಲಿಷ್ ಹೊಸ ವರ್ಷಕ್ಕೆ ನಡುರಾತ್ರಿ ಗುಡಿ ಬಾಗಿಲು ತೆರೆಯುವುದು ಸರಿಯೇ ಅಂತ ಮಡಿವಂತರು ಆಗಾಗ ತಕರಾರು ತೆಗೆಯುತ್ತಾರೆ. ಸಾಲು ಮಾತ್ರ ಬೀದಿಯ ತುದಿಯವರೆಗೂ ಬೆಳೆದಿರುತ್ತದೆ.