ಟ್ಯೂಬೋ ಮಾಡೆಲಿಂಗೋ ಅಂತ ಕೇಳೋ ಮೊದಲು

ಮೊನ್ನೆ ನಮ್ಮ ಬೀದಿಯ ಹುಡುಗನೊಬ್ಬ ಮನೆಗೆ ಬಂದಿದ್ದ. ಎರಡು ವರ್ಷ ಕೂಡಿಟ್ಟ ದುಡ್ಡಲ್ಲಿ ಗಿಟಾರಿಗೆ 15 ವ್ಯಾಟಿನ ಟ್ಯೂಬ್ ಆಂಪ್ (ಗಾಜಿನ ವಾಲ್ವ್‌ಗಳಿಂದ ಸದ್ದು ಹೆಚ್ಚಿಸೋ ಆಂಪ್ಲಿಫೈಯರ್) ತಗೋಬೇಕಂತೆ. "ಮಾಡೆಲಿಂಗ್ ಎಲ್ಲಾ ಡೂಪ್ಲಿಕೇಟ್ ಅಲ್ವಾ ಅಂಕಲ್?" ಅಂದ. ಟ್ಯೂಬ್ ಆಂಪಿನ ನಾದವನ್ನ ಡಿಜಿಟಲ್ ಆಗಿ ಅನುಕರಿಸೋ ಆಂಪ್‌ಗೆ ಮಾಡೆಲಿಂಗ್ ಅಂತಾರೆ. ನಾನು ಕೇಳಿದ್ದು ಇಷ್ಟೇ: ಎಲ್ಲಿ ನುಡಿಸ್ತೀಯ? ಬನಶಂಕರಿಯಲ್ಲಿ ಎರಡನೇ ಮಹಡಿ, ಬಾಡಿಗೆ ಮನೆ. ಗೋಡೆ ಆಚೆ ಓನರ್ ಅಜ್ಜಿ, ಕೆಳಗೆ ಎಸ್ಸೆಸ್ಸೆಲ್ಸಿಗೆ ಓದ್ತಿರೋ ಹುಡುಗಿ.

ಟ್ಯೂಬ್ ಬಗ್ಗೆ ನನಗಿರೋದು ಪ್ರೀತಿಯೇ. ನನ್ನ ಹತ್ತಿರ ಇಎಲ್84 ಅನ್ನೋ ಪವರ್ ಟ್ಯೂಬ್ (ಸ್ಪೀಕರನ್ನ ನಡೆಸೋ ಟ್ಯೂಬ್) ಎರಡು ಇರೋ ಹಳೇ ಆಂಪ್ ಇದೆ. ಸ್ವಿಚ್ ಹಾಕಿ ಅರ್ಧ ನಿಮಿಷ ಕಾಯಬೇಕು. ಗಾಜಿನೊಳಗೆ ಕೆಂಡದ ಬಣ್ಣ ನಿಧಾನಕ್ಕೆ ಏರತ್ತೆ, ಧೂಳು ಬಿಸಿಯಾದ ವಾಸನೆ ಬರತ್ತೆ. ವಾಲ್ಯೂಮ್ ಮುಕ್ಕಾಲಿಗೆ ಇಟ್ಟು ತಂತಿಯನ್ನ ಮೆಲ್ಲಗೆ ಮೀಟಿದರೆ ಸ್ವಚ್ಛ ನಾದ, ಒತ್ತಿ ಮೀಟಿದರೆ ಅದೇ ಸ್ವರ ಗಂಟಲು ಬಿಗಿದು ಹಾಡತ್ತೆ. ಗಿಟಾರಿನ ವಾಲ್ಯೂಮ್ ನಾಬ್ ಅನ್ನ 10ರಿಂದ 6ಕ್ಕೆ ಇಳಿಸಿದರೆ ಒರಟುತನ ಕರಗಿಹೋಗತ್ತೆ. ಪೆಡಲ್ ಮುಟ್ಟೋದೇ ಬೇಡ.

ಆದರೆ ಅದೆಲ್ಲ ನಡೆಯೋದು ಪವರ್ ಟ್ಯೂಬು, ಔಟ್‌ಪುಟ್ ಟ್ರಾನ್ಸ್‌ಫಾರ್ಮರು, ಸ್ಪೀಕರು ಮೂರೂ ಒಟ್ಟಿಗೆ ಬೆವರಿದಾಗ. ವಾಲ್ಯೂಮ್ 1ರಲ್ಲಿಟ್ಟರೆ ದುಡಿಯೋದು ಗಿಟಾರಿನ ಸಿಗ್ನಲನ್ನ ಮೊದಲು ಹೆಚ್ಚಿಸೋ ಪ್ರೀಆಂಪ್ ಟ್ಯೂಬುಗಳು ಮಾತ್ರ. "ಹಾಗಾದ್ರೆ 5 ವ್ಯಾಟಿನದು ತಗೋತೀನಿ" ಅಂದ. ವ್ಯಾಟ್ ಅರ್ಧ ಮಾಡಿದರೆ ಸದ್ದು ಅರ್ಧ ಆಗಲ್ಲ ಕಣಪ್ಪ, 3 ಡೆಸಿಬೆಲ್ ಇಳಿಯತ್ತೆ ಅಷ್ಟೇ. ಕಿವಿಗೆ ಅರ್ಧ ಅನ್ನಿಸಬೇಕಾದರೆ ವ್ಯಾಟ್ ಸುಮಾರು ಹತ್ತನೇ ಒಂದು ಭಾಗಕ್ಕೆ ಬರಬೇಕು. 5 ವ್ಯಾಟ್ ಪೂರ್ತಿ ತಿರುಗಿಸಿದರೂ ಅಜ್ಜಿ ಬಾಗಿಲು ತಟ್ಟೋದು ಖಂಡಿತ.

ಸಾಕೋ ಕಷ್ಟ ಬೇರೆ. ಒಂದು ಕಾಲಕ್ಕೆ ನಮ್ಮ ಜಾಲಹಳ್ಳಿಯ ಬಿಇಎಲ್‌ನವರೇ ವಾಲ್ವ್ ಮಾಡ್ತಿದ್ದರು. ಎಸ್.ಪಿ. ರೋಡಿನ ಹಳೇ ಅಂಗಡಿಯಲ್ಲಿ ಸಿಕ್ಕ ಬಿಇಎಲ್ ಇಸಿಸಿ83 ಪ್ರೀಆಂಪ್ ಟ್ಯೂಬ್ ಒಂದನ್ನ ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೀನಿ. ಈಗ ಹೊಸವು ಬರೋದು ಹೆಚ್ಚಾಗಿ ಸ್ಲೊವಾಕಿಯಾ, ರಷ್ಯಾ, ಚೀನಾದಿಂದ. ಅಮೆರಿಕದಿಂದ ತಂದ ಸೆಕೆಂಡ್‌ಹ್ಯಾಂಡ್ ಆಂಪೊಂದು 120 ವೋಲ್ಟಿನದು ಅಂತ ಮಾರಿದವನು ನನಗೆ ಹೇಳಲೇ ಇಲ್ಲ. ನಮ್ಮ 230ಕ್ಕೆ ಚುಚ್ಚಿದ ಕ್ಷಣ ಫ್ಯೂಸ್ ಹಾರಿ, ರೂಮಿನ ತುಂಬ ಸುಟ್ಟ ವಾರ್ನಿಶ್ ವಾಸನೆ. ಆ ಸಿಟ್ಟು ಇನ್ನೂ ಹೋಗಿಲ್ಲ. ದಯವಿಟ್ಟು ಹಿಂದಿನ ಪ್ಲೇಟ್ ಓದಿ ತಗೊಳ್ಳಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು, ಗೊತ್ತಿಲ್ಲದೆ ಒಳಗೆ ಕೈ ಹಾಕಬೇಡಿ.

ಮಾಡೆಲಿಂಗ್ ಡೂಪ್ಲಿಕೇಟ್ ಅನ್ನೋ ಮಾತನ್ನ ನಾನಂತೂ ಒಪ್ಪಲ್ಲ. 2019ರಲ್ಲಿ ಗಿಟಾರ್ ಕಂಪನಿ ಫೆಂಡರ್‌ನವರೇ ತಮ್ಮ ಟ್ಯೂಬ್ ಆಂಪ್ ಡಿಲಕ್ಸ್ ರಿವರ್ಬ್ ಅನ್ನ ಡಿಜಿಟಲ್ ಆಗಿ ತಂದರು. ಟ್ಯೂಬಿನದು ಸುಮಾರು 19 ಕೆಜಿ, ಇದು 10ರ ಆಸುಪಾಸು. ಆಟೋದಲ್ಲಿ ತೊಡೆ ಮೇಲಿಟ್ಟುಕೊಂಡು ಹೋಗೋರಿಗೆ ಆ 9 ಕೆಜಿ ಏನು ಅಂತ ಗೊತ್ತು. ಡಿಜಿಟಲ್‌ನಲ್ಲಿ ಸದ್ದು ತಡವಾಗಿ ಬರತ್ತೆ ಅಂತಾರೆ. ಮೂರು ಮಿಲಿಸೆಕೆಂಡ್ ತಡ ಅಂದರೆ ಸ್ಪೀಕರಿನಿಂದ ಒಂದು ಮೀಟರ್ ಹಿಂದೆ ನಿಂತ ಹಾಗೆ, ಅಷ್ಟೇ.

ಜನ ಎಡವೋದು ಬೇರೆ ಕಡೆ. ರಾತ್ರಿ ಹೆಡ್‌ಫೋನಿನಲ್ಲಿ ಪ್ಯಾಚ್ (ಮಾಡೆಲಿಂಗ್ ಆಂಪಿನಲ್ಲಿ ಉಳಿಸಿಡೋ ಸದ್ದಿನ ಸೆಟ್ಟಿಂಗ್) ಮಾಡ್ತಾರೆ. ಸಣ್ಣ ಸದ್ದಿನಲ್ಲಿ ನಮ್ಮ ಕಿವಿಗೆ ಬಾಸ್ ಕಡಿಮೆ ಕೇಳತ್ತೆ, ಅದಕ್ಕೆ ಜಾಸ್ತಿ ಸುರೀತಾರೆ. ಅದೇ ಪ್ಯಾಚ್ ಗಣೇಶನ ಪೆಂಡಾಲಿನ ಸ್ಟೇಜಿಗೆ ಹೋದಾಗ ಬರೀ ಗುಂಯ್ ಅನ್ನತ್ತೆ, ಬೈಸ್ಕೊಳ್ಳೋದು ಮೆಷೀನು. ಪ್ಯಾಚ್ ಅನ್ನ ನುಡಿಸೋ ಜಾಗದ ಸದ್ದಿನಲ್ಲೇ ಮಾಡಬೇಕು.

ಹುಡುಗನಿಗೆ ಹೇಳಿದೆ: ಮನೆಗೆ ಮಾಡೆಲಿಂಗ್ ತಗೋ, ಉಳಿದ ದುಡ್ಡನ್ನ ಒಳ್ಳೇ ಸ್ಪೀಕರಿಗೆ ಹಾಕು. ಮುಖ ಸಪ್ಪಗಾಯ್ತು. ಅದಕ್ಕೇ ಭಾನುವಾರ ಬ್ಯಾಂಡಿನವರು ಅಭ್ಯಾಸ ಮಾಡೋ ಜಾಮ್ ರೂಮಲ್ಲಿ ಎರಡು ಗಂಟೆ ಬುಕ್ ಮಾಡಿದ್ದೀನಿ. ನನ್ನ ಇಎಲ್84 ಆಂಪ್ ತರ್ತೀನಿ, ವಾಲ್ಯೂಮ್ ಮುಕ್ಕಾಲಿಗೆ ಇಟ್ಟು ಗಿಟಾರ್ ಅವನ ಕೈಗೆ ಕೊಡ್ತೀನಿ.