ಬಿಡ್ಲಾ?

ನಿನ್ನೆಯಿಂದ ನಮ್ಮ ಕಾರಿನ ಕ್ಲಚ್ ಪೆಡಲ್ ಒತ್ತಿದರೆ ಒಳಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಥೇಟ್ ಕೈಸಾಲದ ಹಾಗೆ. ಪ್ರತಿ ಗೇರಿಗೂ ಅದನ್ನು ಪಾದದಿಂದ ಎತ್ತಿ ಎತ್ತಿ ಹೇಗೋ ಮನೆ ಸೇರಿದೆ.

ತಪ್ಪು ನನ್ನದೇ. ಎಣ್ಣೆಯ ಒತ್ತಡದಿಂದ ಕ್ಲಚ್ಚನ್ನು ತಳ್ಳುವ ಸ್ಲೇವ್ ಸಿಲಿಂಡರ್ ಸೋರುತ್ತಿತ್ತು, ನಾನೇ ಬದಲಾಯಿಸಿದ್ದೆ. ಏರ್ ತೆಗೆಯುವುದನ್ನು, ಅಂದರೆ ಎಣ್ಣೆಯ ಜೊತೆ ಒಳಗೆ ಸೇರಿದ ಗಾಳಿ ಹೊರಹಾಕುವುದನ್ನು ಮಾತ್ರ ಅರ್ಧಂಬರ್ಧ ಮಾಡಿ ಕೈತೊಳೆದುಕೊಂಡಿದ್ದೆ. ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲ, ಪೆಡಲಿನ ಒತ್ತಡವನ್ನು ಹಾಗೇ ಮುಂದಕ್ಕೆ ದಾಟಿಸುತ್ತದೆ. ಗಾಳಿ ಹಾಗಲ್ಲ. ಒತ್ತಿದಷ್ಟೂ ಮುದುಡಿಕೊಂಡು ಸುಮ್ನೆ ಕೂರುತ್ತದೆ, ಕೆಲಸ ಮುಂದಕ್ಕೆ ಹೋಗುವುದೇ ಇಲ್ಲ. ಇಂಥವರು ಎಲ್ಲ ಆಫೀಸಿನಲ್ಲೂ ಒಬ್ಬರಾದರೂ ಇರುತ್ತಾರೆ, ಅಲ್ವಾ?

ಏರ್ ತೆಗೆಯಲು ಸಾಮಾನ್ಯವಾಗಿ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಅಡಿಯಲ್ಲಿ ಮಲಗಿ ಗಾಳಿ ಹೊರಬಿಡುವ ಸ್ಕ್ರೂ, ಅಂದರೆ ನಿಪ್ಪಲ್ ಸಡಿಲಿಸಬೇಕು. ಅದಕ್ಕೆ ಸಿಕ್ಕಿಸಿದ ಪೈಪಿನಲ್ಲಿ ಗುಳ್ಳೆ ಬರುತ್ತವೆ. ನಿಪ್ಪಲ್ ಮತ್ತೆ ಬಿಗಿಯಾಗುವವರೆಗೆ ಪೆಡಲ್ ಅಲ್ಲಾಡಬಾರದು. ಅಲ್ಲಾಡಿದರೆ ಹೊರಗೆ ಬಂದ ಗುಳ್ಳೆಗಳೆಲ್ಲ ಸಾಲಾಗಿ ವಾಪಸ್ ಒಳಗೆ.

ಪೆಡಲ್ ಮೇಲೆ ಹೆಂಡತಿ. ಒಪ್ಪಂದ ಸರಳ. ‘ಒತ್ತು’ ಅಂದರೆ ಒತ್ತಬೇಕು. ‘ಬಿಡು’ ಅಂದರೆ ಪಾದದಿಂದ ಮೇಲೆತ್ತಬೇಕು. ನಾವು ದಿನಕ್ಕೆ ಎಷ್ಟು ಸಲ ‘ಬಿಡು’ ಅನ್ನುತ್ತೇವೆ ಅನ್ನುವುದು ಆಗ ಹೊಳೆಯಲಿಲ್ಲ.

“ಒತ್ತು.”

“ಒತ್ತಿದೀನಿ ರೀ.”

ನಿಪ್ಪಲ್ ಸಡಿಲಿಸಿದೆ. ಗುಳ್ಳೆ ಬುಳುಬುಳು ಬಂದವು. ಅಷ್ಟರಲ್ಲಿ ಮೇಲಿಂದ, “ರೀ, ಅಮ್ಮನ ಫೋನು. ತೆಗೀಲಾ?”

“ಅಯ್ಯೋ, ಆಮೇಲೆ ಮಾಡಿದರಾಯ್ತು ಬಿಡು.”

ಬಿಟ್ಟಳು. ಹೇಳಿಕೊಟ್ಟ ಹಾಗೆ ಪಾದದಿಂದ ನೀಟಾಗಿ ಮೇಲೆತ್ತಿಯೂ ಬಿಟ್ಟಳು.

ಎರಡನೇ ಸಲ “ಬಿಡಬೇಡ!” ಎಂದು ಕೂಗಿದೆ. ಗೇರ್‌ಬಾಕ್ಸ್ ದಾಟಿ ಹೋಗುವಷ್ಟರಲ್ಲಿ ‘ಬೇಡ’ ಎಲ್ಲೋ ಉದುರಿಹೋಗಿತ್ತು. ಮೂರನೇ ಸಲ ಪಕ್ಕದ ಮನೆಯವರು ಬಗ್ಗಿ ನನ್ನ ಕಾಲುಗಳನ್ನು ಮಾತಾಡಿಸಿ, “ಸುಮ್ನೆ ಮೆಕ್ಯಾನಿಕ್ಕಿಗೆ ಕೊಟ್ಟುಬಿಡಿ” ಅಂದರು. ಅದಕ್ಕೂ ಬಿಟ್ಟಳು! “ನೀವೇ ತಾನೇ ಹೇಳಿದ್ದು, ಬಿಡು ಅಂದ ತಕ್ಷಣ ಬಿಡಬೇಕು ಅಂತ?” ಹೌದು. ನಾನೇ.

ಈ ಸಿಟ್ಟಿನಲ್ಲಿ ಬಾನೆಟ್ ಅಡಿಯ ಡಬ್ಬಿಯಲ್ಲಿ ಎಣ್ಣೆ ಎಷ್ಟಿದೆ ಅಂತ ನೋಡುವುದೇ ಮರೆತೆ. ತಳ ಕಂಡಿತ್ತು. ಈಗ ಪೆಡಲಿನ ಕಡೆಯ ಮಾಸ್ಟರ್ ಸಿಲಿಂಡರಿಗೇ ಗಾಳಿ ಹೊಕ್ಕಿತ್ತು, ಮೊದಲಿಂದ ಶುರು. ಇದಕ್ಕೆ ಅವಳು ಕಾರಣ ಅಲ್ಲ ಅನ್ನುವುದೇ ನನ್ನನ್ನು ಜಾಸ್ತಿ ಉರಿಸಿತು. ತುಂಬಿಸುವ ಅವಸರದಲ್ಲಿ ಡಾಟ್ 4 ಅನ್ನುವ ಕ್ಲಚ್ ಎಣ್ಣೆ ಬಾಡಿ ಮೇಲೆ ಚೆಲ್ಲಿತು. ಅದು ಪೇಂಟ್ ತಿನ್ನುತ್ತದೆ. ಬಕೆಟ್ ಹಿಡಿದು ಓಡಿದೆ.

ಅಪ್ಪ ಬ್ರೇಕಿನ ಏರ್ ತೆಗೆಯುವಾಗ ಪೆಡಲ್ ಮೇಲೆ ನಾನಿರುತ್ತಿದ್ದೆ. ಕೂತರೆ ಕಾಲು ಎಟುಕುತ್ತಿರಲಿಲ್ಲ, ಸ್ಟೀರಿಂಗ್ ಹಿಡಿದು ನಿಂತೇ ತುಳಿಯುತ್ತಿದ್ದೆ. ಎಷ್ಟೋ ಸಲ ಮೊದಲೇ ಬಿಟ್ಟಿದ್ದೇನೆ. “ಇನ್ನೊಂದ್ಸಲ ಒತ್ತು ಮಗಾ” ಅನ್ನುವುದಷ್ಟೇ ಕೆಳಗಿನಿಂದ ಕೇಳುತ್ತಿತ್ತು. ಆಗ ಅವರ ಮುಖ ಹೇಗಿರುತ್ತಿತ್ತೋ, ನನಗೆ ಕಾಣುತ್ತಿರಲಿಲ್ಲ.

ಕೊನೆಗೆ ಭಾಷೆಯನ್ನೇ ಬದಲಾಯಿಸಿದೆವು. ‘ಒಂದು’ ಅಂದರೆ ಒತ್ತು, ‘ಎರಡು’ ಅಂದರೆ ಎತ್ತು. ಇಪ್ಪತ್ತು ಸಲ ಒಂದು-ಎರಡು ಆದ ಮೇಲೆ ಗುಳ್ಳೆ ನಿಂತವು. ಪೆಡಲ್ ಗಟ್ಟಿಯಾಯಿತು, ತಾನಾಗೇ ಮೇಲೆ ಬಂತು.

“ಅಮ್ಮನಿಗೆ ಈಗ ಫೋನ್ ಮಾಡ್ಲಾ, ಬಿಡ್ಲಾ?”

ನಾನಿನ್ನೂ ಕಾರಿನಡಿಯಲ್ಲೇ ಇದ್ದೆ. ನಿಪ್ಪಲ್ಲಿಗೆ ಸ್ಪ್ಯಾನರ್ ಹಾಕಿ ಇನ್ನೊಂದು ಸಲ ಬಿಗಿ ನೋಡಿಯೇ ಬಾಯಿ ತೆರೆದೆ.